ಮೇಷ್ಟ್ರು ಕಟ್ಟಿದ ಕಾಣದ ಗೋಡೆ

"ಢಂ!"

ಕೊಡಲಿ ಗೋಡೆಗೆ ಬಡಿಯಿತು. ಗೋಡೆ ಅಲುಗಲಿಲ್ಲ.

"ಈ ಸಲ ಓಡಿಬಂದು ಹೊಡೀತೀನಿ. ಢ-ಢ-ಢಂ!"

"ಓಡಿಬಂದ್ರೂ ಅಷ್ಟೇ, ಹಾರಿಬಂದ್ರೂ ಅಷ್ಟೇ," ಎಂದರು ಮೇಷ್ಟ್ರು. "ಕೊಡಲಿ ವಾಪಸ್ ಪುಟಿದು ನಿನ್ನ ಹಣೆಗೇ ತಾಗ್ತು. ಎರಡು ಪ್ರಾಣ ಕಮ್ಮಿ ಮಾಡ್ಕೋ."

ನಿಜ ಹೇಳಬೇಕೆಂದರೆ ಅಲ್ಲಿ ಕೊಡಲಿಯೂ ಇರಲಿಲ್ಲ, ಏಟು ತಿಂದ ಹಣೆಯೂ ಇರಲಿಲ್ಲ. ಇದ್ದದ್ದು ಫೋಟೋ ಫ್ರೇಮ್ ಅಂಗಡಿಯ ಹಿಂದಿನ ಕೋಣೆ. ಅದರಲ್ಲಿ ಗಾಜು ಕತ್ತರಿಸುವ ದೊಡ್ಡ ಮೇಜು. ಭಾನುವಾರ ಅಂಗಡಿಗೆ ಅರ್ಧ ದಿನ ರಜೆ. ಆಗ ಆ ಮೇಜು ಮಕ್ಕಳದು.

ಮೇಷ್ಟ್ರು ಅಂದ ಕೂಡಲೇ ಕನ್ನಡಕ, ಬೆತ್ತ ಅಂತೆಲ್ಲ ನೀವು ಊಹಿಸಿಕೊಂಡಿದ್ದರೆ ತಪ್ಪು. ಈ ಮೇಷ್ಟ್ರಿಗೆ ಹತ್ತು ವರ್ಷ. ಕುರ್ಚಿಯಲ್ಲಿ ಕೂತರೆ ಕಾಲು ಇನ್ನೂ ನೆಲಕ್ಕೆ ಸರಿಯಾಗಿ ಎಟುಕುತ್ತಿರಲಿಲ್ಲ. ಫ್ರೇಮ್ ಅಂಗಡಿಯಮ್ಮನ ಮಗ. ಆಟ ನಡೆಸುವವನು ಅವನೇ ಆದ್ದರಿಂದ ಆ ಹೆಸರು. ಮೇಜಿನ ಮುಂದೆ ಕೂತಿರುವಷ್ಟು ಹೊತ್ತು ಅವನನ್ನು ಬಹುವಚನದಲ್ಲೇ ಮಾತಾಡಿಸಬೇಕು. ಇದು ಅವನೇ ಬರೆದ ನಿಯಮ, ಒಂದನೇ ನಂಬರಿನದು. ಕುರ್ಚಿಯಿಂದ ಎದ್ದರೆ ಮತ್ತೆ 'ಅವನು', 'ಹೋಗೋ', 'ಬಾರೋ'. ನಾವೂ ಆ ನಿಯಮವನ್ನು ಪಾಲಿಸೋಣ. ಪಾಪ, ಆಸೆಪಟ್ಟು ಬರೆದಿದ್ದಾನೆ.

ಆಟ ಪೂರ್ತಿ ಮಾತಿನದು. ಒಬ್ಬರು ಕತೆ ನಡೆಸುತ್ತಾರೆ. ಉಳಿದವರು ಆ ಕತೆಯೊಳಗಿನ ಪಾತ್ರಗಳು. ನಾನು ಇಂಥದ್ದು ಮಾಡುತ್ತೇನೆ ಅಂತ ಅವರು ಹೇಳಬೇಕು. ಕೆಲಸ ಆಗುತ್ತೋ ಕೆಡುತ್ತೋ ಅನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಉಳಿದದ್ದನ್ನೆಲ್ಲ ಮೇಷ್ಟ್ರು ಹೇಳುತ್ತಾರೆ.

ಈಗಿನ ಕತೆ ಹೀಗಿತ್ತು. ಬೋಳುಗಡ್ಡ ಎಂಬ ಮಾಂತ್ರಿಕ ಒಂದು ಊರಿನ ಹಕ್ಕಿಗಳ ದನಿಯನ್ನೆಲ್ಲ ಕದ್ದು ಗೋಪುರದಲ್ಲಿ ಬಚ್ಚಿಟ್ಟಿದ್ದ. ಗೋಪುರದ ಬಾಗಿಲು ಕಣ್ಣೆದುರಿಗೇ ಇತ್ತು. ಆದರೆ ಅದಕ್ಕೆ ಅಡ್ಡವಾಗಿ ಒಂದು ಕಾಣದ ಗೋಡೆ. ಚೌಕುಳಿ ಹಾಳೆಯ ಮೇಲೆ ಬರೆದ ನಕ್ಷೆಯಲ್ಲಿ ಮೇಷ್ಟ್ರು ನಿಜವಾದ ಗಾಜಿನ ಪಟ್ಟಿಯನ್ನೇ ನಿಲ್ಲಿಸಿದ್ದರು. ಅಂಚನ್ನು ಅಮ್ಮ ತಿಕ್ಕಿ ನುಣ್ಣಗೆ ಮಾಡಿಕೊಟ್ಟಿದ್ದಳು.

ಆ ಗೋಡೆಯ ಮುಂದೆ ಇದು ಮೂರನೇ ಭಾನುವಾರ.

"ಈ ಗೋಡೆ ನನಗೆ ಸಾಕಾಗಿ ಹೋಯ್ತು," ಎಂದ ಢಂ. ಸೈಕಲ್ ಶಾಪಿನವರ ಮಗ ಅವನು. ಕತೆಯಲ್ಲಿ ಕೊಡಲಿ ಸಿಕ್ಕಿದ ದಿನದಿಂದ ಅವನಿಗೆ ಅದೇ ಹೆಸರು. "ಮನೇಲಿ ಅಮ್ಮ ಎಬ್ಬಿಸಿದ್ರೂ ನಿದ್ದೇಲಿ ಢಂ ಅಂತೀನಂತೆ."

ಅವನ ಪಕ್ಕ ಕೂತಿದ್ದವಳು ಇರುವೆ, ಇಸ್ತ್ರಿ ಅಂಗಡಿಯವರ ಮಗಳು. ಆಳು ಸಣ್ಣ, ಮಾತು ಕಡಿಮೆ, ಹಿಡಿದದ್ದನ್ನು ಬಿಡುವುದಿಲ್ಲ. ಕತೆಯಲ್ಲಿ ಅವಳು ಮಂತ್ರಗಾತಿ. ಮೂರು ವಾರದಿಂದ ಅವಳೂ ಒಂದೊಂದೇ ಮಂತ್ರ ಹಾಕಿ ನೋಡುತ್ತಿದ್ದಳು.

ಬೆಂಕಿಯುಂಡೆ? ಗೋಡೆಗೆ ಬಡಿದು ಆರಿಹೋಯಿತು. ನಿದ್ದೆಹಾಡು? ಸದ್ದು ಆಚೆ ಹೋಗಲಿಲ್ಲ. ನೆಲ ತೋಡಿದರೆ? ಗೋಡೆ ನೆಲದೊಳಗೂ ಇತ್ತು. "ಎಷ್ಟು ಆಳ?" ಎಂದು ಅವಳು ಕೇಳಿದ್ದಕ್ಕೆ, "ನೀವೆಷ್ಟು ತೋಡ್ತೀರೋ ಅದಕ್ಕಿಂತ ಒಂದಡಿ ಜಾಸ್ತಿ," ಎಂದಿದ್ದರು ಮೇಷ್ಟ್ರು.

ಇವತ್ತು ಇರುವೆ ಬಗ್ಗಿ ಗಾಜಿನ ಮೂಲಕ ಆಚೆ ನೋಡಿದಳು.

"ಮೇಷ್ಟ್ರೇ, ಗೋಡೆ ಆಚೆ ಇರೋದು ನನಗೆ ಕಾಣುತ್ತಾ?"

"ಕಾಣದೆ ಏನು? ಗೋಡೆ ಕಾಣಲ್ಲ, ಆಚೆ ಇರೋದೆಲ್ಲ ಕಾಣುತ್ತೆ."

"ಬಾಗಿಲ ಮುಂದಿನ ಮೆಟ್ಲು?"

"ಚೆನ್ನಾಗಿ ಕಾಣುತ್ತೆ. ಮೆಟ್ಲ ಮೇಲಿನ ಪಾಚೀನೂ ಕಾಣುತ್ತೆ," ಎಂದರು ಮೇಷ್ಟ್ರು ಹೆಮ್ಮೆಯಿಂದ. ಪಾಚಿ ಅವರಿಗೆ ಆಗ ತಾನೇ ಹೊಳೆದಿತ್ತು.

"ಹಾಗಾದ್ರೆ ಜಿಗಿತ ಮಂತ್ರ."

"ಏನು?"

"ಕಣ್ಣಿಗೆ ಕಂಡ ಜಾಗಕ್ಕೆ ಹೋಗೋ ಮಂತ್ರ. ನಾನು ಆ ಮೆಟ್ಲ ಮೇಲೆ ನಿಂತ್ಕೊತೀನಿ."

ಮೇಷ್ಟ್ರು ಗಾಜಿನ ಪಟ್ಟಿಯನ್ನೊಮ್ಮೆ, ಮೆಟ್ಟಿಲನ್ನೊಮ್ಮೆ ನೋಡಿದರು.

"ಆಗಲ್ಲ," ಎಂದರು ಮೇಷ್ಟ್ರು. "ಮಧ್ಯ ಗೋಡೆ ಇದೆಯಲ್ಲ. ಮಂತ್ರ ಹೋಗಿ ಗೋಡೆಗೆ ಬಡಿಯುತ್ತೆ."

"ಬಡಿಯೋಕೆ ನಾನೇನೂ ಎಸೀತಿಲ್ವಲ್ಲ. ಬೆಂಕಿ ಆದ್ರೆ ಇಲ್ಲಿಂದ ಅಲ್ಲಿಗೆ ಹೋಗ್ಬೇಕು, ಗೋಡೆ ಅಡ್ಡ ಬರುತ್ತೆ, ಸರಿ. ಜಿಗಿತದಲ್ಲಿ ಹೋಗೋದೇ ಇಲ್ಲ. ಇಲ್ಲಿ ಇರ್ತೀನಿ, ಆಮೇಲೆ ಅಲ್ಲಿ ಇರ್ತೀನಿ. ಮಧ್ಯದಲ್ಲಿ ಎಲ್ಲೂ ಇರಲ್ಲ."

"ಅರೆ, ಹೌದಲ್ವಾ!" ಢಂ ಮೇಜು ಗುದ್ದಿದ. ಗಾಜಿನ ಪಟ್ಟಿ ನಡುಗಿತು.

"ನಿಮ್ಮ ನೋಟ್‌ಬುಕ್ಕಲ್ಲೇ ಇದೆ ಮೇಷ್ಟ್ರೇ," ಎಂದಳು ಇರುವೆ. "ಒಂಬತ್ತನೇ ನಿಯಮ. 'ನಡುವೆ ಏನಿದ್ದರೂ ಸರಿ' ಅಂತ. ನೀವೇ ಓದಿ ಹೇಳಿದ್ರಿ."

ಮೇಷ್ಟ್ರ ಕಿವಿ ಕೆಂಪಾಯಿತು. ನೋಟ್‌ಬುಕ್ ಅವರ ಮೊಣಕೈ ಕೆಳಗೇ ಇತ್ತು. ತೆರೆಯಬಹುದಿತ್ತು. ತೆರೆಯಲಿಲ್ಲ.

"ಇವತ್ತು ಟೈಮಾಯ್ತು. ಮುಂದಿನ ವಾರ ನೋಡಿ ಹೇಳ್ತೀನಿ."

"ಟೈಮಾ? ಇನ್ನೂ ನಾಲ್ಕು ಗಂಟೆ!" ಎಂದ ಢಂ.

"ಮೇಷ್ಟ್ರು ಟೈಮಾಯ್ತು ಅಂದ್ರೆ ಟೈಮಾಯ್ತು," ಎಂದು ಮೇಷ್ಟ್ರು ಕುರ್ಚಿಯಿಂದ ಇಳಿದುಬಿಟ್ಟರು.

ಇಳಿದ ಮೇಲೆ ಅವನು ಬರೀ ಹುಡುಗ. ಇಬ್ಬರೂ ಹೊರಟ ಬಳಿಕ ಅದೇ ಮೇಜಿನ ಮೇಲೆ ನೋಟ್‌ಬುಕ್ ತೆರೆದ. ಒಂಬತ್ತನೇ ನಿಯಮ ಅವನದೇ ಕೈಬರಹದಲ್ಲಿ ಅವನನ್ನೇ ನೋಡುತ್ತಿತ್ತು. *ಜಿಗಿತ ಮಂತ್ರ: ಕಣ್ಣಿಗೆ ಕಂಡ ಜಾಗಕ್ಕೆ ಹೋಗಬಹುದು. ನಡುವೆ ಏನಿದ್ದರೂ ಸರಿ.*

ಪೆನ್ಸಿಲಿನಲ್ಲಿ ಬರೆದದ್ದು.

ಹುಡುಗ ಬಾಗಿಲ ಕಡೆ ನೋಡಿದ. ಜೇಬಿನಿಂದ ರಬ್ಬರ್ ತೆಗೆದ. ಗಸಗಸ ಉಜ್ಜಿದ. ಹಳೆಯ ಮಾತಿದ್ದ ಕಡೆ ಹೊಸದಾಗಿ ಬರೆದ: *ನಡುವೆ ಗೋಡೆ ಇರಬಾರದು.* ರಬ್ಬರಿನ ಪುಡಿಯನ್ನು ಉಫ್ ಎಂದು ಊದಿ ಹೊರಟುಹೋದ.

*

ಮುಂದಿನ ಭಾನುವಾರ ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗೆ ಕೂತು ನೋಟ್‌ಬುಕ್ಕನ್ನು ಮೇಜಿನ ನಡುವೆ ತಳ್ಳಿದರು.

"ನೋಡ್ಕೊಳ್ಳಿ. ಒಂಬತ್ತನೇ ನಿಯಮ."

ಢಂ ಜೋರಾಗಿ ಓದಿದ. "'ನಡುವೆ ಗೋಡೆ ಇರಬಾರದು.' ಛೆ! ಇರುವೆ, ನಿಂಗೆ ಸರಿಯಾಗಿ ನೆನಪಿಲ್ಲ ಕಣೇ."

ಇರುವೆ ನೋಟ್‌ಬುಕ್ಕನ್ನು ಹತ್ತಿರ ಎಳೆದುಕೊಂಡಳು.

ಇಸ್ತ್ರಿ ಅಂಗಡಿಯ ಹುಡುಗಿ ಅವಳು. ಯಾವ ಪ್ಯಾಂಟಿನ ಹಳೆಯ ಮಡಿಕೆ ಎಲ್ಲಿತ್ತು, ಯಾವ ಲಂಗದ ಅಂಚನ್ನು ಬಿಚ್ಚಿ ಉದ್ದ ಮಾಡಿದ್ದಾರೆ ಅನ್ನುವುದನ್ನು ಬಟ್ಟೆ ಓರೆ ಹಿಡಿದೇ ಹೇಳಬಲ್ಲಳು. ಹಾಳೆಯನ್ನೂ ಹಾಗೇ ಕಿಟಕಿಯ ಬೆಳಕಿಗೆ ಓರೆ ಹಿಡಿದಳು. ಪೆನ್ಸಿಲ್ ಒತ್ತಿ ಬರೆಯುವುದು ಮೇಷ್ಟ್ರ ಅಭ್ಯಾಸ. ಹೊಸ ಅಕ್ಷರದ ಕೆಳಗೆ ಹಳೆಯ ಅಕ್ಷರದ ಗುಳಿ ಹಾಗೇ ಇತ್ತು. ಅವಳು ಅದರ ಮೇಲೆ ಮೆಲ್ಲಗೆ ಬೆರಳಾಡಿಸಿದಳು.

ಆಮೇಲೆ ತಲೆ ಎತ್ತಿ ಮೇಷ್ಟ್ರನ್ನು ನೋಡಿದಳು. ಮೇಷ್ಟ್ರು ಛಾವಣಿಯ ಫ್ಯಾನ್ ನೋಡುತ್ತಿದ್ದರು. ಫ್ಯಾನ್ ತಿರುಗುತ್ತಿರಲಿಲ್ಲ. ಆದರೂ ನೋಡುತ್ತಿದ್ದರು.

"ನಾನು ಹೋಗ್ತೀನಿ," ಎಂದಳು ಇರುವೆ. "ಅಮ್ಮನಿಗೆ ತುಂಬ ಬಟ್ಟೆ ಬಂದಿದೆ."

"ಈಗ ತಾನೇ ಬಂದ್ಯಲ್ಲೇ!" ಎಂದ ಢಂ.

ಅವಳು ತನ್ನ ಪಾತ್ರವನ್ನು, ಅಂದರೆ ನೀಲಿ ಬಣ್ಣ ಬಳಿದ ಬಾಟಲಿ ಮುಚ್ಚಳವನ್ನು, ನಕ್ಷೆಯಿಂದ ಎತ್ತಿ ಜೇಬಿಗೆ ಹಾಕಿಕೊಂಡಳು. ಬಾಗಿಲನ್ನು ಸದ್ದಾಗದಂತೆ ಮುಚ್ಚಿಕೊಂಡು ಹೋದಳು. ದಢಾರ್ ಎಂದು ಮುಚ್ಚಿದ್ದರೇ ವಾಸಿಯಾಗಿತ್ತು.

ಢಂ ಒಬ್ಬನೇ ಇನ್ನೂ ನಾಲ್ಕು ಸಲ ಗೋಡೆಗೆ ಕೊಡಲಿ ಹಾಕಿದ. ಐದನೆಯ ಸಲಕ್ಕೆ ಅವನಿಗೇ ಆಕಳಿಕೆ ಬಂತು. ಅವನೂ ಎದ್ದುಹೋದ.

*

ಬುಧವಾರ ಸಂಜೆ ಹುಡುಗ ಶಾಲೆಯಿಂದ ಬಂದಾಗ ಅಂಗಡಿಯಲ್ಲಿ ಬೇಕರಿಯ ಯಜಮಾನರು ನಿಂತಿದ್ದರು. ಕೈಯಲ್ಲಿ ಅವರ ತಂದೆಯ ದೊಡ್ಡ ಫೋಟೋ. ಹೋದ ವಾರ ಅಮ್ಮನೇ ಫ್ರೇಮ್ ಹಾಕಿಕೊಟ್ಟದ್ದು.

"ಅಮ್ಮಾ, ಕೆಲಸವೆಲ್ಲ ಚೆನ್ನಾಗಿದೆ. ಆದ್ರೆ ನಮ್ಮಪ್ಪನಿಗೆ ಮೂಗಿನ ಮೇಲೆ ನರಹುಲಿ ಇರ್ಲಿಲ್ಲ."

ಅಮ್ಮ ಫೋಟೋವನ್ನು ದೀಪದ ಕೆಳಗೆ ಹಿಡಿದಳು. ನಿಜ. ಹಿರಿಯರ ಮೂಗಿನ ತುದಿಯಲ್ಲಿ ಕಪ್ಪಗೆ, ಉಂಡೆಯಾಗಿ ಏನೋ ಕೂತಿತ್ತು. ಗಾಜಿನ ಒಳಗಡೆ.

"ನಮ್ಮ ಮಗಳು ಮೂರು ದಿನದಿಂದ ನಗ್ತಾನೇ ಇದ್ದಾಳೆ," ಎಂದರು ಯಜಮಾನರು. "ಅವ್ರು ಇದ್ದಿದ್ರೆ ನನ್ನ ಚರ್ಮ ಸುಲೀತಿದ್ರು."

ಅಮ್ಮ ಹಿಂದಿನ ಮೊಳೆ ಕಿತ್ತು, ಹಲಗೆ ತೆಗೆದು, ಗಾಜು ಬೇರೆ ಮಾಡಿದಳು. ನರಹುಲಿಯನ್ನು ಬೆರಳ ತುದಿಗೆ ಅಂಟಿಸಿಕೊಂಡು ನೋಡಿದಳು. ಮತ್ತೆ ಗಾಜು ಒರೆಸಿ, ಫ್ರೇಮ್ ಬಿಗಿಮಾಡಿ, ಕ್ಷಮೆ ಕೇಳಿ ಕಳಿಸಿದಳು. ಆಮೇಲೆ ಬೆರಳನ್ನು ಹಾಗೇ ಹಿಡಿದುಕೊಂಡು ಮಗನ ಕಡೆ ತಿರುಗಿದಳು.

"ರಬ್ಬರ್ ಪುಡಿ. ನನ್ನ ಮೇಜಿನ ಮೇಲೆ ಕೂತ್ಕೊಂಡು ಏನೋ ಅಳಿಸ್ದೆ? ಭಾನುವಾರ ಹೋಂವರ್ಕ್ ಮಾಡೋವಷ್ಟು ಒಳ್ಳೆಯವನು ನೀನಲ್ಲ."

ಹುಡುಗ ಮೊದಲು ಏನೂ ಇಲ್ಲ ಎಂದ. ಆಮೇಲೆ ಎಲ್ಲವನ್ನೂ ಹೇಳಿದ. ಗೋಡೆ, ಜಿಗಿತ, ಒಂಬತ್ತನೇ ನಿಯಮ, ಓರೆ ಹಿಡಿದ ಹಾಳೆ. ಹೇಳುತ್ತ ಹೇಳುತ್ತ ದನಿ ಸಣ್ಣಗಾಯಿತು.

ಬೈಗುಳ ಬರುತ್ತದೆ ಎಂದು ಕಾದ. ಅಮ್ಮ ಮೇಜು ಒರೆಸುವ ಬಟ್ಟೆಯನ್ನು ಕೈಗೆ ಕೊಟ್ಟಳು.

"ಮೇಜಿಗೆ ಆದದ್ದಕ್ಕೆ ಮೇಜು ಒರೆಸು. ಇನ್ನೊಂದನ್ನ ನನ್ನ ಹತ್ರ ಹೇಳಿದ್ರೆ ಏನು ಬಂತು? ನಾನೇನು ಮಂತ್ರಗಾತೀನಾ?"

*

ಇಸ್ತ್ರಿ ಅಂಗಡಿ ರಸ್ತೆಯ ತಿರುವಿನಲ್ಲಿತ್ತು. ಒಂದು ಉದ್ದ ಹಲಗೆ, ಅದರ ಮೇಲೆ ದಪ್ಪ ಕಂಬಳಿ, ಪಕ್ಕದಲ್ಲಿ ಬಟ್ಟೆಗಂಟುಗಳ ಗುಡ್ಡ. ಇರುವೆಯ ಅಮ್ಮ ಅಂಗಿಯೊಂದರ ಮೇಲೆ ನೀರು ಚಿಮುಕಿಸಿ ಪೆಟ್ಟಿಗೆ ಒತ್ತಿದರೆ ಚುಸ್ಸ್ ಎಂದು ಹಬೆ ಏಳುತ್ತಿತ್ತು. ಇರುವೆ ಮೂಲೆಯಲ್ಲಿ ಕೂತು ಅಂಗಿಗಳ ಕಾಲರಿನ ಗುಂಡಿ ಹಾಕುತ್ತಿದ್ದಳು.

ಹುಡುಗ ಎದುರಿಗೆ ನಿಂತ. ಒಂದು ಅಂಗಿ ಆಯಿತು. ಎರಡಾಯಿತು.

"ಏನಪ್ಪಾ, ಆಗಿಂದ ನಿಂತೇ ಇದ್ದೀಯ," ಎಂದರು ಇರುವೆಯ ಅಮ್ಮ. "ಮುಖ ಎಲ್ಲ ಸುಕ್ಕು ಮಾಡ್ಕೊಂಡಿದ್ದೀಯ. ನಿನ್ನನ್ನೂ ಇಸ್ತ್ರಿ ಮಾಡ್ಬೇಕಾ?"

"ಬೇಡ ಆಂಟಿ."

ಇರುವೆ ತಲೆ ಎತ್ತಿದಳು. "ಏನ್ ಬೇಕಿತ್ತು ಮೇಷ್ಟ್ರೇ?"

ಇಲ್ಲಿ ಆಟದ ಮೇಜಿಲ್ಲ, ಕುರ್ಚಿಯಿಲ್ಲ. ಆದರೂ ಬಹುವಚನ. ಅವನೇ ಬರೆದುಕೊಂಡ ಮರ್ಯಾದೆ ಇಷ್ಟು ಚುಚ್ಚುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.

"ನಾನು ಅಳಿಸ್ದೆ," ಎಂದ.

"ಗೊತ್ತು ಮೇಷ್ಟ್ರೇ."

"ನೀನು ಹೇಳಿದ್ದೇ ಸರಿ ಇತ್ತು."

"ಅದೂ ಗೊತ್ತು ಮೇಷ್ಟ್ರೇ." ಅವಳು ಇನ್ನೊಂದು ಅಂಗಿ ಎತ್ತಿಕೊಂಡಳು. "ನಾನು ಸರಿ ಹೇಳಿದ್ರೆ ನಿಮಗೇನು ಕಷ್ಟ? ಸುಮ್ಮನೆ ಆಗಲ್ಲ ಅಂದಿದ್ರೂ ನಾನು ಒಪ್ಕೊತಿದ್ದೆ. ಮೇಷ್ಟ್ರು ನೀವು ತಾನೇ? ಅಳಿಸಿದ್ದು ಯಾಕೆ? ನನ್ನ ನೆನಪೇ ಸುಳ್ಳು ಅಂತ ಢಂ ಮುಂದೆ ಆಯ್ತು."

ಹುಡುಗ ಚಪ್ಪಲಿಯ ತುದಿಯಿಂದ ನೆಲ ಕೆರೆದ. ಹೇಳಬೇಕಾದ ಮಾತು ಇನ್ನೊಂದು ಉಳಿದಿತ್ತು. ಅದನ್ನು ಅವನು ಅಮ್ಮನಿಗೂ ಹೇಳಿರಲಿಲ್ಲ.

"ಗೋಡೆ ಆಚೆ ಏನೂ ಇಲ್ಲ," ಎಂದ ಕೊನೆಗೆ.

"ಅಂದ್ರೆ?"

"ಗೋಪುರದ ಬಾಗಿಲವರೆಗೆ ಮಾತ್ರ ಯೋಚ್ನೆ ಮಾಡಿದ್ದೆ. ಬಾಗಿಲು ತೆಗೆದ್ರೆ ಒಳಗೆ ಏನಿದೆ ಅಂತ ನನಗೇ ಗೊತ್ತಿಲ್ಲ. ದಿನಾ ಕೂತು ಯೋಚ್ನೆ ಮಾಡ್ದೆ, ಏನೂ ಹೊಳೀಲಿಲ್ಲ. ಅದಕ್ಕೇ ಗೋಡೆ ಹಾಕ್ದೆ. ಒಂದು ವಾರ ತಡೆದ್ರೆ ಹೊಳೆಯುತ್ತೆ ಅಂದ್ಕೊಂಡೆ. ಆಮೇಲೆ ಇನ್ನೊಂದು ವಾರ. ಆಮೇಲೆ ನೀನು ಪಾಚಿ ಮೇಲೆ ಬಂದು ನಿಂತ್ಕೊಂಡುಬಿಟ್ಟೆ."

ಇರುವೆಯ ಕೈ ಗುಂಡಿಯ ಮೇಲೆ ನಿಂತಿತು. ತುಟಿ ಒಂದು ಕಡೆ ಎಳೆಯಿತು. ತಡೆಯಲು ನೋಡಿದಳು, ಆಗಲಿಲ್ಲ. ಕಿಸಕ್ಕನೆ ನಕ್ಕುಬಿಟ್ಟಳು.

"ಮೂರು ವಾರ ಢಂ ಹಣೆ ಚಚ್ಚಿಕೊಂಡಿದ್ದು ಇದಕ್ಕಾ?"

"ಹೂಂ."

"ಏನಿದೆ ಅಂತ ಗೊತ್ತಿಲ್ಲ ಅಂದಿದ್ರೆ ನಾನೇ ಹೋಗಿ ನೋಡ್ಕೊಂಡು ಬರ್ತಿದ್ನಲ್ಲೋ. ಪೆದ್ದ ಕಣೋ ನೀನು!"

'ಕಣೋ' ಎಂದದ್ದು ಕೇಳಿ ಹುಡುಗನಿಗೆ ಉಸಿರು ಬಂತು.

"ಆದ್ರೆ ಢಂಗೆ ನೀನೇ ಹೇಳ್ಬೇಕು," ಎಂದಳು ಅವಳು ನಗು ನಿಲ್ಲಿಸಿ. "ನಾನು ಹೇಳಲ್ಲ."

"ಹೇಳ್ತೀನಿ."

"ಹಾಗೇ ನಿಂತಿರೋ ಬದಲು ಆ ಗಂಟು ಬಿಚ್ಚಪ್ಪ," ಎಂದರು ಇರುವೆಯ ಅಮ್ಮ. "ಜಗಳ ಮುಗಿದ ಮೇಲೆ ಕೈ ಖಾಲಿ ಇರ್ಬಾರ್ದು."

*

ಭಾನುವಾರ ಮೇಷ್ಟ್ರು ಆಟಕ್ಕೆ ಮೊದಲು ಕುರ್ಚಿಯಲ್ಲಿ ಕೂತು ಢಂಗೆ ಎಲ್ಲ ಹೇಳಿದರು. ಢಂ ಬಾಯಿ ತೆರೆದುಕೊಂಡು ಕೇಳಿದ.

"ಅಂದ್ರೆ ಅವಳ ನೆನಪು ಸರಿಯಾಗೇ ಇತ್ತಾ? ಸಾರಿ ಕಣೇ ಇರುವೆ." ಆಮೇಲೆ ಬೆರಳು ಎಣಿಸಿದ. "ಮತ್ತೆ ನನ್ನ ಪ್ರಾಣ? ನಿಮ್ಮ ಸುಳ್ಳು ಗೋಡೆಗೆ ಎಷ್ಟು ಪ್ರಾಣ ಹೋಯ್ತು ನಂದು? ಎಲ್ಲಾ ವಾಪಸ್ ಕೊಡಿ."

"ಗೋಡೆ ಸುಳ್ಳಲ್ಲ. ಕೊಡಲಿ ಹೋಗಲ್ಲ ಅನ್ನೋದು ನಿಜ," ಎಂದರು ಮೇಷ್ಟ್ರು. ಇರುವೆ ಅವರನ್ನೇ ನೋಡಿದಳು. "ಆಯ್ತು, ಅರ್ಧ ವಾಪಸ್."

ಒಂಬತ್ತನೇ ನಿಯಮವನ್ನು ಇರುವೆಯೇ ಬರೆದಳು. ಪೆನ್ನಿನಲ್ಲಿ. ಮತ್ತೆ ಆಟ ಶುರುವಾಯಿತು. ಅವಳು ಢಂನ ಕೈ ಹಿಡಿದು ಜಿಗಿತ ಮಂತ್ರ ಹಾಕಿದಳು. ದಾಳ ಉರುಳಿ ಹದಿನೇಳಕ್ಕೆ ನಿಂತಿತು. ಎರಡು ಬಾಟಲಿ ಮುಚ್ಚಳಗಳು ಗಾಜಿನ ಆಚೆ, ಪಾಚಿ ಹಿಡಿದ ಮೆಟ್ಟಿಲ ಮೇಲೆ ಹೋಗಿ ಕೂತವು. ಢಂ ಬಾಗಿಲಿಗೆ ಒಂದು ಢಂ ಕೊಟ್ಟ. ಬಾಗಿಲು ತೆರೆಯಿತು.

"ಒಳಗೆ ಏನು ಕಾಣುತ್ತೆ ಮೇಷ್ಟ್ರೇ?"

ಮೇಷ್ಟ್ರು ಹಾಳೆ ತಿರುವಿದರು. ನೋಟ್‌ಬುಕ್ಕಿನಲ್ಲಿ ಮುಂದಿನ ಹಾಳೆ ಖಾಲಿ.

"ಕತ್ತಲೆ," ಎಂದರು.

"ಆಮೇಲೆ?"

"ಗೊತ್ತಿಲ್ಲ."

"ಸರಿ," ಎಂದಳು ಇರುವೆ, ಅದೂ ಒಂದು ಉತ್ತರವೇ ಎಂಬಂತೆ. "ಕೈ ಚಾಚ್ತೀನಿ. ಕೈಗೆ ಏನು ಸಿಗುತ್ತೆ?"

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. "ಏನೋ... ತಣ್ಣಗಿದೆ. ನುಣ್ಣಗಿದೆ. ಜಾಡಿ! ಜಾಡಿಗಳು. ಸಾಲಾಗಿ ಜೋಡಿಸಿದ್ದಾರೆ. ಒಳಗೆ ಏನೋ ಪಟಪಟ ಅಂತಿದೆ."

"ಹಕ್ಕಿಗಳ ದನಿ!" ಎಂದ ಢಂ. "ಒಂದರ ಮುಚ್ಚಳ ತೆಗೀತೀನಿ."

"ಬೇಡ ಕಣೋ, ಮೊದಲು..." ಎಂದಳು ಇರುವೆ.

"ತೆಗೆದೇ ಬಿಟ್ಟೆ!"

"ಬಾಯಿ ತೆರ್ಕೊಂಡು ತೆಗೆದ್ಯಾ, ಮುಚ್ಕೊಂಡು ತೆಗೆದ್ಯಾ?" ಎಂದು ಮೇಷ್ಟ್ರು ಕೇಳಿದರು. ಯಾಕೆ ಕೇಳಿದೆ ಎಂದು ಅವರಿಗೇ ತಿಳಿಯಲಿಲ್ಲ.

"ನಾನು ಯಾವಾಗ ಬಾಯಿ ಮುಚ್ಕೊಂಡಿದ್ದೆ?"

"ಹಾಗಾದ್ರೆ ದನಿ ಸೀದಾ ನಿನ್ನ ಗಂಟಲೊಳಗೆ ಹೋಯ್ತು. ಕಾಗೆದು."

ಢಂ ಕ್ಷಣ ಹೊತ್ತು ಯೋಚಿಸಿದ. ಆಮೇಲೆ ಇರುವೆಯ ಕಡೆ ತಿರುಗಿ, ಕೈ ಬೀಸುತ್ತ, ತುಂಬ ಗಾಬರಿಯಿಂದ ಏನನ್ನೋ ವಿವರಿಸಿದ.

"ಕಾ! ಕಾಕಾ ಕಾ, ಕಾಕಾಕಾ!"

ಇರುವೆ ನಕ್ಕು ನಕ್ಕು ಹಣೆಯನ್ನು ಮೇಜಿಗೆ ಇಟ್ಟಳು. ಅಂಗಡಿಯ ಕಡೆಯಿಂದ ಅಮ್ಮ, "ಒಳಗೆ ಕಾಗೆ ಬಂತೇನ್ರೋ?" ಎಂದು ಕೂಗಿದಳು.

ಅಷ್ಟರಲ್ಲಿ ಇರುವೆ ಥಟ್ಟನೆ ತಲೆ ಎತ್ತಿದಳು. "ಶ್! ಮೇಷ್ಟ್ರೇ, ಇವನ ಸದ್ದು ಕೇಳಿ ಮೇಲಿಂದ ಯಾರಾದ್ರೂ ಇಳಿದು ಬರ್ತಿದ್ದಾರಾ?"

ಮೇಷ್ಟ್ರು ಎರಡೂ ಮೊಣಕೈಗಳನ್ನು ಮೇಜಿನ ಮೇಲೂರಿ, ಕುರ್ಚಿಯ ತುದಿಗೆ ಜರುಗಿ, ಕಿವಿಗೊಟ್ಟು ಕೂತಿದ್ದರು. ಇಷ್ಟು ದಿನ ಈ ಮೇಜಿನಲ್ಲಿ ಮುಂದೇನು ಎಂದು ಕಾಯುತ್ತಿದ್ದವರು ಇಬ್ಬರು. ಇವತ್ತು ಮೂವರು.

ಬೋಳುಗಡ್ಡ ಬರುತ್ತಾನೋ ಇಲ್ಲವೋ ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಇರುವುದು ಇಷ್ಟು ಚೆನ್ನಾಗಿರುತ್ತದೆ ಅನ್ನುವುದೂ ಗೊತ್ತಿರಲಿಲ್ಲ.

"ತಡಿ," ಎಂದರು ಮೇಷ್ಟ್ರು ಪಿಸುಗುಟ್ಟುತ್ತ, ದಾಳವನ್ನು ಅವಳ ಕಡೆ ತಳ್ಳಿ. "ಹಾಕಿ ನೋಡೋಣ."